ಶಾಂತಮ್ಮನ ‘ಹೌದು’

ಪುಣೆಯಲ್ಲಿ ಪಿಂಚಣಿ ಮೇಲ್ಮನವಿ ಕೇಳುವ ಹೊಸ ಅಧಿಕಾರಿಗಳಿಗೆ ನಾನು ತರಬೇತಿ ಕೊಡುತ್ತೇನೆ. ಒಮ್ಮೆ ಯಾದಗಿರಿ ಕಡೆಯಿಂದ ಬಂದು ಇಲ್ಲೇ ನೆಲೆಸಿದ್ದ ಶಾಂತಮ್ಮ ಎಂಬ ಮುದುಕಿಯ ವಿಚಾರಣೆ ನಡೆದಿತ್ತು. ಹೊಸ ಅಧಿಕಾರಿ ಮರಾಠಿಯಲ್ಲಿ, “ಮಗ ನೋಡಿಕೊಳ್ತಾನಲ್ಲ?” ಎಂದ. ಆಕೆ ಕೈಮುಗಿದು “ಹೌದು” ಅಂದಳು. ನೋಡಿಕೊಳ್ಳುವ ಮಗನಿದ್ದರೆ ಪಿಂಚಣಿ ಇಲ್ಲವೆಂದು ಅವನು ಅರ್ಜಿ ತಿರಸ್ಕರಿಸಲು ಪೆನ್ನೆತ್ತಿದ.

ಯಾಕೋ ಅನುಮಾನ ಬಂದು ನಾನು ಕನ್ನಡದಲ್ಲಿ ಕೇಳಿದೆ: “ಯವ್ವಾ, ಮಗ ಎಲ್ಲಿರ್ತಾನ?”

“ನನಗ ಮಕ್ಕಳಽ ಇಲ್ರಿ ಸಾಹೇಬ್ರ.”

“ಮತ್ತ ಹೌದು ಅಂದ್ಯಲ್ಲ?”

“ಅಷ್ಟು ದೊಡ್ಡವ್ರು ಕೇಳ್ಯಾರ. ಇಲ್ಲ ಅಂತ ಹೆಂಗ ಅನ್ಲಿ?”

ಆಕೆಗೆ ಪಿಂಚಣಿ ಸಿಕ್ಕಿತು. ನಾನು ಇವತ್ತಿಗೂ ಆ ತಾಯಿಯನ್ನು ನೆನೆದು ಮನಸ್ಸಿನಲ್ಲೇ ಕೈಮುಗಿದು ತರಗತಿ ಶುರುಮಾಡುತ್ತೇನೆ. ಬರೀ ‘ಹೌದು’ ಅಂದರೆ ನಂಬಬೇಡಿ, ಬಿಡಿಸಿ ಕೇಳಿ ಎಂದು ಗಂಟೆಗಟ್ಟಲೆ ಹೇಳಿ, ಕೊನೆಗೆ “ಎಲ್ಲರಿಗೂ ತಿಳೀತಾ?” ಎನ್ನುತ್ತೇನೆ.

ಒಕ್ಕೊರಲಿನಿಂದ ಉತ್ತರ ಬರುತ್ತದೆ: “ಹೌದು ಸರ್!”