ಮೊದಲು ಎದ್ದವರಿಗೆ ಒಂದು ಮೊಳ ಮಲ್ಲಿಗೆ

ಹಿರೇಹಡಗಲಿಯ ಹೊರಗಿನ ಮಲ್ಲಿಗೆ ತೋಟದಲ್ಲಿ ಇನ್ನೂ ಬೆಳಕು ಹರಿದಿಲ್ಲ. ಹಣೆಗೆ ಕಟ್ಟಿಕೊಂಡ ಬ್ಯಾಟರಿಯ ಬೆಳಕಿನಲ್ಲಿ ನಾಗರತ್ನ ಮೊಗ್ಗು ಬಿಡಿಸುತ್ತಿದ್ದಾರೆ. ಬಿಸಿಲೇರಿದರೆ ಮೊಗ್ಗು ಅರಳುತ್ತದೆ; ಅರಳಿದ್ದನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ಹಾಗಾಗಿ ಸಾಲು ಮುಗಿಯುವವರೆಗೆ ಯಾರೂ ನಡು ಎತ್ತುವುದಿಲ್ಲ. ಯಾರಾದರೂ ಮಧ್ಯದಲ್ಲಿ ಎದ್ದರೆ ಪಕ್ಕದ ಸಾಲಿನಿಂದ ಮಾತು ಬೀಳುತ್ತದೆ: “ಗೌಡಸಾನಿ ಎದ್ಲು ನೋಡ್ರೇ, ಕುರ್ಚಿ ತರ್ರಿ!”

ಹೂ ತೂಕಕ್ಕೆ ಹೋದ ಮೇಲೆ ಬೇವಿನ ಮರದ ಕೆಳಗೆ ತಾಡಪತ್ರಿ ಹಾಸುತ್ತಾರೆ. ಐವತ್ತೆರಡರ ನಾಗರತ್ನ ಅವರ ಎರಡನೇ ಕೆಲಸ ಶುರುವಾಗುವುದು ಇಲ್ಲಿ. ಇದಕ್ಕೆ ಕೂಲಿ ಇಲ್ಲ. ಹತ್ತು ಹನ್ನೆರಡು ಹೆಂಗಸರು ಸುತ್ತ ಕೂರುತ್ತಾರೆ. ಅವರು ಹೇಳಿಕೊಡುವುದು ‘ಯಿನ್ ಯೋಗ’. ಜಿಗಿತವಿಲ್ಲ, ಬೆವರಿಲ್ಲ. ಕುಳಿತು ಮುಂದಕ್ಕೆ ಬಾಗುವುದು, ಮಲಗಿ ಮೊಣಕಾಲನ್ನು ಪಕ್ಕಕ್ಕೆ ಬಿಡುವುದು, ಹಾಗೇ ಸ್ವಲ್ಪ ಹೊತ್ತು ಸುಮ್ಮನಿರುವುದು. ಆಸನ ನಮ್ಮದು, ಅದರ ಹಿಂದಿನ ಲೆಕ್ಕಾಚಾರ ಚೀನಾದ ಹಳೆಯ ವೈದ್ಯದ್ದು: ಮೈಯಲ್ಲಿ ಕಾಲುವೆಗಳಂಥ ಹಾದಿಗಳಿವೆ, ಅವುಗಳಲ್ಲಿ ‘ಚೀ’ ಎಂಬ ಚೈತನ್ಯ ಹರಿಯುತ್ತದೆ ಎಂಬ ನಂಬಿಕೆ.

“ಡ್ರಿಪ್ ಪೈಪಿನ ಮ್ಯಾಲೆ ಕಾಲಿಟ್ಟು ನಿಂತ್ರ ಮುಂದಿನ ಗಿಡಕ್ಕ ನೀರು ಹೋಗ್ತೈತೇನ್ರಿ? ಹಂಗ ಇದು,” ಎನ್ನುತ್ತಾರೆ ನಾಗರತ್ನ. “ಯಿನ್ ಅಂದ್ರ ಗುಡ್ಡದ ನೆಳ್ಳಿನ ಮಗ್ಗಲು, ಯಾಂಗ್ ಅಂದ್ರ ಬಿಸ್ಲಿನ ಮಗ್ಗಲು. ನಾವು ದಿನಾ ಬಿಸ್ಲಾಗ ಇರೋರು. ಒಂದೀಟು ನೆಳ್ಳು ಬ್ಯಾಡೇನು?”

ಇದನ್ನು ಅವರು ಕಲಿತದ್ದು ಮೈಸೂರಿನಲ್ಲಿ. ಗಂಡನಿಗೆ ಅಲ್ಲಿ ಕಾವಲುಗಾರನ ಕೆಲಸ ಸಿಕ್ಕಾಗ ಜೊತೆಗೆ ಹೋದ ನಾಗರತ್ನ, ಯೋಗ ಕಲಿಯಲು ಬಂದ ವಿದೇಶಿಯರಿದ್ದ ಬಾಡಿಗೆ ಮನೆಯಲ್ಲಿ ಅಡುಗೆಗೆ ನಿಂತರು. ನಡು ಹಿಡಿದುಕೊಂಡೇ ರೊಟ್ಟಿ ಬಡಿಯುತ್ತಿದ್ದ ಅವರನ್ನು ಚೀನಾದ ಮೇಯ್ ಎಂಬಾಕೆ ಒಂದು ದಿನ ಚಾಪೆಯ ಮೇಲೆ ಮಲಗಿಸಿದಳು. “ಅಕಿಗೆ ಬರ್ತಿದ್ದುದು ಅರ್ಧ ಕನ್ನಡ. ಉಳಿದದ್ದು ಕೈಲೆ ತೋರಿಸಿದ್ಲು, ನಾ ಮೈಲೆ ಕಲ್ತೆ.” ಆ ಮನೆ ಮಾರಾಟವಾದಾಗ ದಂಪತಿ ಊರಿಗೆ ಮರಳಿದರು.

ತಾಲ್ಲೂಕು ಕೇಂದ್ರ ಹೂವಿನಹಡಗಲಿಯ ಫಿಸಿಯೋಥೆರಪಿಸ್ಟ್ ಅರುಣಕುಮಾರ್ ಎಚ್ಚರದಿಂದಲೇ ಮಾತಾಡುತ್ತಾರೆ: “ಚೀ ಹರಿಯುತ್ತೆ ಅನ್ನೋದಕ್ಕೆ ನಮ್ಮ ವಿಜ್ಞಾನದಲ್ಲಿ ಆಧಾರ ಇಲ್ಲ. ಬಿಗಿದ ಸ್ನಾಯು ಸಡಿಲ ಆಗುತ್ತೆ ಅನ್ನೋದು ನಿಜ. ಆದರೆ ಒಂದೇ ಭಂಗಿಯಲ್ಲಿ ಅತಿಯಾಗಿ ಕೂತರೆ ಅಪಾಯನೂ ನಿಜ.”

ಆ ಅಪಾಯ ಕಳೆದ ಹಂಗಾಮಿನಲ್ಲಿ ಎದುರಾಯಿತು. ಅಂದು ಎಲ್ಲರೂ ಮಂಡಿಯೂರಿ ಹಿಮ್ಮಡಿಯ ಮೇಲೆ ಕುಳಿತಿದ್ದರು. “ನೋವಾದ್ರ ಏಳ್ರಿ” ಎಂದು ಹೇಳಿ ನಾಗರತ್ನ ತೂಕದ ಗಾಡಿಯ ಹತ್ತಿರ ಹೋದರು. ಅಲ್ಲಿ ಮಾತಿಗೆ ಮಾತು ಬೆಳೆದು ತಡವಾಯಿತು. ಮರಳಿ ಬಂದಾಗ ಎಲ್ಲರೂ ಹಾಗೇ ಕುಳಿತಿದ್ದರು. ಹೂವಿನ ಸಾಲಿನ ರೂಢಿಯೇ ಇಲ್ಲಿಗೂ ಬಂದಿತ್ತು.

“ಜೋಮು ಹಿಡಿದಿದ್ದು ಗೊತ್ತಿತ್ರಿ,” ಎನ್ನುತ್ತಾರೆ ಅರವತ್ತು ದಾಟಿದ ಅನ್ನದಾನಮ್ಮ. “ಆದ್ರ ಈ ಸುಕನ್ಯಾ ಇನ್ನೂ ಕುಂತಿದ್ಲಲ್ಲ! ಮೊಮ್ಮಗಳ ವಾರಿಗಿಯಾಕಿ ಮುಂದ ನಾ ಸೋಲಬೇಕೇನು?”

“ಅಜ್ಜಿ ಎದ್ದ ಮ್ಯಾಲೆ ಏಳೋಣಂತ ನಾ ಕುಂತಿದ್ದೆ,” ಎಂದು ಸುಕನ್ಯಾ ನಗುತ್ತಾಳೆ.

ಅಂದು ಯಾರೂ ನಕ್ಕಿರಲಿಲ್ಲ. ಅನ್ನದಾನಮ್ಮ ಎದ್ದಾಗ ಬಲಗಾಲಿನ ಪಾದ ಮೇಲಕ್ಕೇಳಲಿಲ್ಲ. ಹೆಜ್ಜೆ ಹೆಜ್ಜೆಗೂ ಚಪ್ಪಲಿ ಕಳಚಿ ಹಿಂದೆ ಉಳಿಯುತ್ತಿತ್ತು. ಮೊಣಕಾಲಿನ ಬಳಿ ನರ ಒತ್ತಿಕೊಂಡಿದೆ, ಸರಿಹೋಗಬಹುದು, ಆದರೆ ಪೂರ್ತಿ ಸರಿಹೋಗುತ್ತದೆ ಎಂದು ಈಗಲೇ ಹೇಳಲಾಗದು ಎಂದರು ವೈದ್ಯರು. ನಾಗರತ್ನ ತಾಡಪತ್ರಿ ಮಡಚಿಟ್ಟರು. “ಅಕಿ ಕಾಲು ಬರದಿದ್ರ ಇನ್ನೊಬ್ರಿಗೆ ಕಲಿಸಂಗಿಲ್ಲಂತ ಮನಸ್ಸು ಗಟ್ಟಿ ಮಾಡ್ಕೊಂಡಿದ್ದೆ.”

ದಿನವೂ ಬೆಳಿಗ್ಗೆ ನಾಗರತ್ನ ತಮ್ಮ ಸಾಲಿನ ಜೊತೆ ಅನ್ನದಾನಮ್ಮನ ಸಾಲನ್ನೂ ಬಿಡಿಸಿದರು. ಸಂಜೆ ಅವರ ಮನೆಗೆ ಹೋಗಿ, ಅರುಣಕುಮಾರ್ ಹೇಳಿಕೊಟ್ಟ ವ್ಯಾಯಾಮ ಮಾಡಿಸಿದರು. ವಾರಗಳು ಕಳೆದವು. ಒಂದು ಮುಂಜಾನೆ ಹೂ ಬಿಡಿಸುತ್ತಿದ್ದಾಗ ಬದುವಿನ ಮೇಲೆ ಚಪ್ಪಲಿಯ ಸಪ್ಪಳ ಕೇಳಿಸಿತು.

“ಟಪ್ ಟಪ್ ಅಂತ ಎರಡೂ ಕಾಲಿಂದೂ ಬಂತ್ರಿ. ನಾ ಸಾಲಿನ ನಡುವನ ಎದ್ದು ನಿಂತ್ಬಿಟ್ಟೆ. ಅವತ್ತು ಯಾರೂ ಆಡ್ಕೊಳ್ಲಿಲ್ಲ.”

ತಾಡಪತ್ರಿ ಮತ್ತೆ ಹಾಸಿದರು, ಹೊಸ ಕಟ್ಟಳೆಯೊಂದಿಗೆ. ಮಂಡಿಯೂರುವ ಭಂಗಿ ಬಂದ್. ಪಾಠ ಮುಗಿಯುವವರೆಗೆ ನಾಗರತ್ನ ಎಲ್ಲಿಗೂ ಹೋಗುವಂತಿಲ್ಲ. ಯಾವುದೇ ಭಂಗಿಯಿಂದ ‘ಸಾಕು’ ಎಂದು ಮೊದಲು ಎದ್ದವರಿಗೆ ಆ ದಿನ ಒಂದು ಮೊಳ ಮಲ್ಲಿಗೆ. ಆ ಮೊಳ ಹೆಚ್ಚಾಗಿ ಅನ್ನದಾನಮ್ಮನ ತುರುಬು ಸೇರುತ್ತಿದೆ. “ಅಜ್ಜಿ ಕುಂದ್ರೂಕಿಂತ ಮೊದ್ಲ ಏಳ್ತಾಳ” ಎಂಬುದು ಸುಕನ್ಯಾಳ ದೂರು.

ನಿಮ್ಮ ಆಸೆ ಏನು ಎಂದರೆ ನಾಗರತ್ನ ತಡಮಾಡುವುದಿಲ್ಲ. “ನಮ್ಮ ಹೆಂಗಸ್ರು ನೋಯ್ತೈತಿ ಅಂತ ಬಾಯಿಬಿಟ್ಟು ಅನ್ನಬೇಕ್ರಿ. ಅಷ್ಟ.”

ಇಂದಿನ ಕೊನೆಯ ಭಂಗಿ. ಎಲ್ಲರೂ ಕಾಲು ಚಾಚಿ ಮುಂದಕ್ಕೆ ಬಾಗಿದ್ದಾರೆ. ಅನ್ನದಾನಮ್ಮ ಒಂದು ಕಣ್ಣು ತೆರೆದು ಎದುರಿಗೆ ನೋಡುತ್ತಾರೆ.

“ಲೇ ನಾಗರತ್ನ, ನೀ ಹಲ್ಲು ಕಚ್ಚಿದ್ದು ಇಲ್ಲಿಗೆ ಕಾಣ್ತೈತಿ. ನಮಗೊಂದು ಕಟ್ಟಳಿ, ನಿನಗೊಂದಾ?”

ನಾಗರತ್ನ ಸಿಕ್ಕಿಬಿದ್ದವರಂತೆ ನಗುತ್ತಾರೆ. ನಡುವಿನ ಮೇಲೆ ಕೈಯಿಟ್ಟು, “ಸಾಕವ್ವ, ನೋಯಾಕತ್ತೈತಿ” ಎಂದು ಏಳುತ್ತಾರೆ. ಸುಕನ್ಯಾ ಓಡಿಬಂದು ಮೊಳ ಹೂ ಮುಡಿಸುತ್ತಾಳೆ.

“ಈ ಹೂವಿನಾಗ ಬೆಳದಾಕಿ ನಾ,” ಎನ್ನುತ್ತಾರೆ ನಾಗರತ್ನ, ಮಾಲೆಯ ತುದಿ ಮುಟ್ಟಿಕೊಂಡು. “ದುಡುದು ಮುಡ್ಕೊಂಡಿದ್ದೈತಿ. ‘ಸಾಕು’ ಅಂದು ಮುಡ್ಕೊಂಡಿದ್ದು ಇದ ಮೊದ್ಲು.”