ಲಂಡನ್ನಿನ ಕಾದಂಬರಿಯಲ್ಲಿ ನಾನು ಬಡಿಸಿದ ಊಟ

ಅಮೆರಿಕದ ಮುಕಿಲ್ಟಿಯೊ ಹತ್ತಿರದ ವಿಮಾನ ಕಾರ್ಖಾನೆಯಲ್ಲಿ ಎಂಜಿನಿಯರ್ ಆಗಿದ್ದ ಆ ವರ್ಷಗಳಲ್ಲಿ ನನ್ನ ಊಟದ ಬಿಡುವೆಲ್ಲ ಒಂದು ಇಂಗ್ಲಿಷ್ ಕಾದಂಬರಿಯ ಪಾಲಾಗಿತ್ತು. ಫೆರ್ರಿ ದೋಣಿಗಳು ನಿಲ್ಲುವ ಕಟ್ಟೆಯ ಬಳಿ ಕಾರು ನಿಲ್ಲಿಸಿ, ಸ್ಟೀರಿಂಗಿಗೆ ನೋಟ್‌ಬುಕ್ ಒರಗಿಸಿ, ಒಂದು ಕೈಯಲ್ಲಿ ಚಪಾತಿ ಸುರುಳಿ, ಇನ್ನೊಂದರಲ್ಲಿ ಪೆನ್ನು. ಎರಡು ವರ್ಷದಲ್ಲಿ ಇಡೀ ಪುಸ್ತಕವನ್ನು ಕನ್ನಡಕ್ಕೆ ತಂದೆ. ಆಮೇಲೆ ಅನುಮತಿ ಕೇಳಿದೆ. ಮೊದಲೇ ಕೇಳಬೇಕಿತ್ತು, ಗೊತ್ತು. ಪುಸ್ತಕದ ಮೇಲೆ ಪ್ರೀತಿ ಬಂದರೆ ನಮ್ಮಲ್ಲಿ ಹಲವರು ಹೀಗೇ ಮಾಡುವುದು.

ಬೆಂಗಳೂರಿನ ಪ್ರಕಾಶಕರು ಖಡಾಖಂಡಿತವಾಗಿ ಹೇಳಿದರು: ಲಂಡನ್ನಿನಿಂದ ಪತ್ರ ಬಾರದೆ ಒಂದು ಪುಟವೂ ಅಚ್ಚಾಗದು. ಲಂಡನ್ನಿನ ಪ್ರಕಾಶನ ಸಂಸ್ಥೆಯ ಸಂಪಾದಕಿ ಉತ್ತರಿಸಿದರು. ಲೇಖಕಿಗೆ ಎಂಬತ್ತು ದಾಟಿದೆ, ಅನುವಾದದ ವಿಷಯದಲ್ಲಿ ಬಲು ಕಟ್ಟುನಿಟ್ಟು, ಕೊನೆಯ ಅಧ್ಯಾಯದ ನಿಮ್ಮ ಕನ್ನಡವನ್ನು ಮತ್ತೆ ಇಂಗ್ಲಿಷಿಗೆ ಮಾಡಿ ಕಳಿಸಿ ಎಂದು.

ನಾನು ಕಿತಾಪತಿ ಮಾಡಿದ್ದು ಅದೇ ಅಧ್ಯಾಯದಲ್ಲಿ. ಅಲ್ಲಿ ಒಬ್ಬ ದಿನವಿಡೀ ರೈಲಿನಲ್ಲಿ ಬಂದು, ಎಂದೋ ತೀರಿಹೋದ ಗೆಳೆಯನ ಕಾಗದಗಳನ್ನು ಗೆಳೆಯನ ಅಕ್ಕನಿಗೆ ಒಪ್ಪಿಸುತ್ತಾನೆ. ಅವಳು ಒಂದು ಕಪ್ ಟೀ ಕೊಟ್ಟು ಸಾಗಹಾಕುತ್ತಾಳೆ. ಅಷ್ಟು ದೂರದಿಂದ ಬಂದವನಿಗೆ ಬರೀ ಟೀ! ನನಗೆ ತಡೆಯಲಾಗಿರಲಿಲ್ಲ. ಊಟ ಮಾಡಿಕೊಂಡೇ ಹೋಗಿ ಎಂದು ಅವಳ ಬಾಯಲ್ಲಿ ಹೇಳಿಸಿ, ಬಿಸಿ ಸೂಪು, ಬ್ರೆಡ್ಡು, ಆಲೂಗಡ್ಡೆ ಬಡಿಸಿಬಿಟ್ಟಿದ್ದೆ. ಮೂರೇ ಸಾಲು.

ಇಂಗ್ಲಿಷ್ ಚೆನ್ನಾಗಿರಲಿ ಎಂದು ಮಗಳನ್ನು ಕೂರಿಸಿಕೊಂಡೆ. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಓದಲು ಬಾರದು. ನಾನು ಓದುವುದು, ಅವಳು ಟೈಪ್ ಮಾಡುವುದು. ಆ ಮೂರು ಸಾಲು ಬಂದಾಗ ನಾನು, "ಅಷ್ಟು ಬಿಟ್ಬಿಡೇ, ಅದು ಒರಿಜಿನಲ್‌ನಲ್ಲಿ ಇಲ್ಲ" ಎಂದೆ.

"ಬಟ್ ಯೂ ರೋಟ್ ಇಟ್, ಅಮ್ಮಾ."

ಮೈ ಉರಿಯಿತು. ಚೆನ್ನಾಗಿ ಬೈದೆ. ಆಮೇಲೆ ನಾಚಿಕೆಯಾಗಿ, ಆ ಮೂರು ಸಾಲು ನನ್ನವು ಎಂದು ಸಂಪಾದಕಿಗೆ ಬರೆದು ಒಪ್ಪಿಕೊಂಡು, ಇದ್ದದ್ದು ಇದ್ದ ಹಾಗೇ ಕಳಿಸಿದೆ.

ಎರಡು ತಿಂಗಳು ಸುದ್ದಿಯಿಲ್ಲ. ಎರಡು ವರ್ಷದ ಕೆಲಸ ನೀರುಪಾಲಾಯಿತು ಎಂದುಕೊಂಡೆ. ಬೇರೆ ಸಂಪಾದಕರಾಗಿದ್ದರೆ ಅಲ್ಲಿಗೇ ಮುಗಿಸುತ್ತಿದ್ದರೇನೋ. ಈ ಪುಣ್ಯಾತ್ಗಿತ್ತಿ ಆ ಹಾಳೆಗಳನ್ನು ತಾವೇ ಲೇಖಕಿಯ ಮನೆಗೆ ಒಯ್ದು, ಕಣ್ಣು ಮಂಜಾಗಿದ್ದ ಅವರಿಗೆ ಕೂತು ಓದಿ ಹೇಳಿದರಂತೆ. ಮುಖ ನೋಡದ ನನಗಾಗಿ ಅಷ್ಟು ಮಾಡಿದವರನ್ನು ಈ ಜನ್ಮದಲ್ಲಿ ಮರೆಯಲಾರೆ. ಅನುಮತಿ ಪತ್ರದ ಜೊತೆಗೆ ಲೇಖಕಿ ಹೇಳಿ ಬರೆಸಿದ ಒಂದು ಕಾಗದವೂ ಬಂತು. ಊಟದ ಬಿಡುವಿನಲ್ಲಿ ಕಾರಿನಲ್ಲೇ ಕೂತು ಓದಿದೆ.

ಕಾದಂಬರಿಯ ಆ ಅಕ್ಕ ತಾನೇ ಎಂದು ಬರೆಸಿದ್ದರು. ಬಂದವನು ಹಸಿದಿದ್ದ, ತನಗದು ಕಂಡಿತ್ತು, ಆದರೂ ಕೂರಿಸಿಕೊಳ್ಳಲಿಲ್ಲ. ಅದನ್ನು ಒಪ್ಪಿಕೊಳ್ಳಲೆಂದೇ ಇಡೀ ಪುಸ್ತಕ ಬರೆದದ್ದು, ಹಾಗಾಗಿ ಆ ಮೂರು ಸಾಲು ದಯವಿಟ್ಟು ತೆಗೆಯಿರಿ. ಆದರೆ ಅವನ್ನು ಮಾತ್ರ ಎರಡು ಸಲ ಓದಿಸಿಕೊಂಡೆ, ನಿಮ್ಮ ಭಾಷೆಯಲ್ಲಾದರೂ ಅವನು ಉಂಡನಲ್ಲ, ನಿಮಗೆ ಋಣಿ ಎಂದಿತ್ತು.

ಬಿಕ್ಕಿ ಬಿಕ್ಕಿ ಅತ್ತೆ. ಆಮೇಲೆ ನೋಟ್‌ಬುಕ್ ತೆರೆದು, ಅವನ ಮುಂದಿದ್ದ ತಟ್ಟೆಯನ್ನು ನಾನೇ ಎತ್ತಿದೆ.