ಪಾನಾ ಹಿಡಿದು ಹೇಳಿದ ಸ್ತೋತ್ರ

ಆ ದಿನ ಒಬ್ಬನನ್ನು ಮುಗಿಸಿಯೇ ಬಿಡಬೇಕೆಂದು ನಾನು ಮನೆಗೆ ಬಂದಿದ್ದೆ. ಹೊಡೆಯಬೇಕಾದವನು ಹುಮನಾಬಾದಿನ ಕಡೆ ಇದ್ದರೆ ಬಸವಕಲ್ಯಾಣದ ಮನೆಗೇಕೆ ಬಂದೆ ಎಂದು ಕೇಳಬಹುದು. ಅಂಗಿ ಎದೆಯಿಂದ ಹೊಟ್ಟೆಯವರೆಗೆ ಹರಿದಿತ್ತು. ಹರಿದ ಅಂಗಿ ತೊಟ್ಟು ಜಗಳಕ್ಕೆ ಹೋದರೆ ಪೆಟ್ಟು ತಿಂದವನು ನಾನೇ ಎಂದು ಊರಿಗೆಲ್ಲ ಗೊತ್ತಾಗುತ್ತದೆ. ಅಂಥ ಸಿಟ್ಟಿನಲ್ಲೂ ನನಗೆ ಮರ್ಯಾದೆಯ ಚಿಂತೆ.

ಈ ಎರಡು ಊರುಗಳ ನಡುವೆ ಪ್ರಯಾಣಿಕರನ್ನು, ನಮ್ಮ ಮಾತಿನಲ್ಲಿ ಸವಾರಿಗಳನ್ನು, ಸಾಗಿಸುವ ಜೀಪು ನನ್ನದು. ಹುಮನಾಬಾದಿನಲ್ಲಿ ಜೀಪುಗಳು ಪಾಳಿಯ ಪ್ರಕಾರ ಹೊರಡಬೇಕು. ಮುಂದಿನದು ತುಂಬುವ ತನಕ ಹಿಂದಿನವನು ಒಬ್ಬ ಸವಾರಿಯನ್ನೂ ಮುಟ್ಟುವಂತಿಲ್ಲ. ಅವತ್ತು ಬೆಳಿಗ್ಗೆಯಿಂದಲೇ ದಿನ ಕೆಟ್ಟಿತ್ತು. ದಾರಿಯಲ್ಲಿ ಸಸ್ತಾಪುರ ಬಂಗ್ಲಾ ಕ್ರಾಸಿನ ಹತ್ತಿರ ಟೈರು ಪಂಕ್ಚರ್ ಆಗಿ, ಸುಡುವ ಬಿಸಿಲಲ್ಲಿ ಚಕ್ರ ಬದಲಿಸಿ, ಸವಾರಿಗಳಿಂದ ಬೈಸಿಕೊಂಡು, ಚಕ್ರ ಬಿಚ್ಚುವ ಪಾನಾವನ್ನು ಸೀಟಿನ ಕೆಳಗೆ ಒಗೆದು ಬಂದಿದ್ದೆ. ಮಧ್ಯಾಹ್ನ ನನ್ನ ಪಾಳಿ. ಚಹಾ ಕುಡಿದು ಬರುವಷ್ಟರಲ್ಲಿ ಹಿಂದಿನ ಜೀಪಿನವನು, ಹುಡಗಿ ಗ್ರಾಮದವನು, ನನ್ನ ಜೀಪಿನಲ್ಲಿ ಕೂತಿದ್ದ ಮುದುಕಿಯ ಗಂಟನ್ನು ಎತ್ತಿ ತನ್ನ ಜೀಪಿಗೆ ಹಾಕುತ್ತಿದ್ದ. ಗಂಟಿನ ಹಿಂದೆ ಮುದುಕಿ, ಮುದುಕಿಯ ಹಿಂದೆ ಆಕೆಯ ಕಡೆಯವರೆಲ್ಲ ಇಳಿಯುತ್ತಿದ್ದರು.

“ಪಾಳಿ ನಂದದ. ಗಂಟ ಕೆಳಗಿಡು,” ಅಂದೆ.

“ನಿನ್ನ ಜೀಪ ದಾರ್ಯಾಗ ಕೆಟ್ಟು ನಿಲ್ಲತದಂತ ಇವರೇ ಅನ್ನಾಕತ್ತಾರ. ಸವಾರಿ ಬೇಕಂದ್ರ ನಿನ್ನ ಯೇಸುಗ ಕೇಳು,” ಅಂದ ಅವನು.

ಕೊರಳಪಟ್ಟಿಗೆ ಕೈ ಹಾಕಿದವನು ನಾನೇ. ಮೊದಲು ಹೊಡೆದವನು ಅವನು. ಮುಷ್ಟಿ ನೇರ ಬಾಯಿಗೆ ಬಿತ್ತು, ಮುಂದಿನ ಹಲ್ಲೊಂದು ಕಿತ್ತು ನಾಲಿಗೆಯ ಮೇಲೆ ಬಂತು. ನಾನು ತಲೆಯಿಂದ ಅವನ ಮೂಗಿಗೆ ಗುದ್ದಿದೆ. ಅವನು ನನ್ನ ಅಂಗಿ ಹಿಡಿದೆಳೆದು ಬಾನೆಟ್ಟಿಗೆ ಅಪ್ಪಳಿಸಿದ, ಹೊಟ್ಟೆಗೆ ಮೊಣಕಾಲು ಕೊಟ್ಟ. ಮುದುಕಿ ಲಬೋಲಬೋ ಎಂದು ಬಾಯಿ ಬಡಿದುಕೊಳ್ಳುತ್ತಿದ್ದಳು. ಬಿಡಿಸಿಕೊಂಡು ನನ್ನ ಜೀಪಿನ ಸೀಟಿನ ಕೆಳಗೆ ಕೈ ಹಾಕಿದೆ, ಪಾನಾ ಸಿಕ್ಕಿತು. ಎರಡೂ ಕೈಯಲ್ಲಿ ಎತ್ತಿ, ತನ್ನ ಜೀಪಿಗೆ ಬೆನ್ನು ಕೊಟ್ಟು ನಿಂತಿದ್ದ ಅವನ ತಲೆಗೇ ಬೀಸಿದೆ. ಹೆದರಿಸಲಿಕ್ಕಲ್ಲ, ಒಡೆಯಲಿಕ್ಕೇ ಬೀಸಿದ್ದು. ಅಷ್ಟರಲ್ಲಿ ಬಾಯಿಗಿಳಿದ ಮೂಗಿನ ರಕ್ತ ಉಗುಳಲು ಅವನು ಬಗ್ಗಿದ. ಪಾನಾ ಅವನ ಜೀಪಿನ ಬಾಗಿಲಿಗೆ ಬಡಿದು ತಗಡು ಒಳಗೆ ಹೋಯಿತು, ಗಾಜು ಚೂರುಚೂರಾಯಿತು. ಜನ ಬಂದು ನಮ್ಮಿಬ್ಬರನ್ನೂ ಎಳೆದು ದೂರ ಮಾಡಿದರು.

ಖಾಲಿ ಜೀಪು ಹೊಡೆದುಕೊಂಡು ಬರುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲೇ ಅವನನ್ನು ಬಡಿಯುತ್ತ ಬಂದೆ. ಸಂಜೆ ಅವನು ಊರಿಗೆ ಮರಳುವಾಗ ಅಡ್ಡ ಹಾಕುವುದು, ಈ ಸಲ ಏಟು ತಪ್ಪಬಾರದು, ಅಷ್ಟೇ. ಗೆಳೆಯನೊಬ್ಬನಿಗೆ ಫೋನ್ ಹಚ್ಚಿ ಬಂಗ್ಲಾ ಕ್ರಾಸಿನಲ್ಲಿ ನಿಂತಿರು, ಬಂದು ಕರಕೊಂಡು ಹೋಗುತ್ತೇನೆ ಅಂದೆ. ಯಾಕೆ ಅಂತಲೂ ಕೇಳಲಿಲ್ಲ, ಅಂಥವನು ಅವನು.

ಹೆಂಡತಿ ಅಂಗಳದಲ್ಲಿ ಬಟ್ಟೆ ಹಿಂಡುತ್ತಿದ್ದಳು. ನನ್ನ ಮುಖ ನೋಡಿದಳು, ಪಾನಾ ನೋಡಿದಳು, ಹಿಂದೆಯೇ ಒಳಗೆ ಬಂದಳು. ಅಂಗಿ ಬದಲಿಸುತ್ತಲೇ ನಡೆದದ್ದನ್ನೆಲ್ಲ ಒದರಿಬಿಟ್ಟೆ. ಬೈಕಿನ ಚಾವಿ ಕಿಸೆಗೆ ಹಾಕಿ, ಪಾನಾ ಎತ್ತಿಕೊಂಡು ಹೊರಟರೆ ಬಾಗಿಲಿಗೆ ಅಡ್ಡ ನಿಂತಿದ್ದಾಳೆ.

ನಮ್ಮ ಮನೆಯಲ್ಲೊಂದು ಕಟ್ಟಳೆ ಇದೆ. ಆಕೆ ತವರೂರು ನಿರ್ಣಾದಿಂದ ತಂದದ್ದು. ಸ್ತೋತ್ರ ಹೇಳದೆ ಯಾರೂ ಹೊಸ್ತಿಲು ದಾಟುವಂತಿಲ್ಲ. ಬೇಡುವುದೆಲ್ಲ ಚರ್ಚಿನಲ್ಲಿ, ಹೊಸ್ತಿಲಲ್ಲಿ ಬರೀ ಸಿಕ್ಕದ್ದಕ್ಕೆ ಸ್ತೋತ್ರ, ಅಂದರೆ ದೇವರಿಗೆ ಕೃತಜ್ಞತೆ. ದಿನವೂ ಚಪ್ಪಲಿ ಮೆಟ್ಟುತ್ತ ಮೆಟ್ಟುತ್ತ ನಾನದನ್ನು ಗೊಣಗಿ ಮುಗಿಸುತ್ತಿದ್ದೆ.

“ಹೋಗ್ರಿ, ನಾ ಬ್ಯಾಡ ಅನ್ನಂಗಿಲ್ಲ. ಸ್ತೋತ್ರ ಹೇಳಿ ಹೋಗ್ರಿ,” ಅಂದಳು.

“ತಲಿ ಕೆಟ್ಟದೇನ ನಿಂದು? ಸರಿ ಅತ್ಲಾಗ.”

“ಕೆಟ್ಟದ. ಹೇಳ್ರಿ.”

ಅವಳ ಮೇಲೂ ಕೈ ಎತ್ತಿದೆ. ಅವಳು ಕಣ್ಣು ಮುಚ್ಚಿಕೊಂಡು ನಿಂತಿದ್ದಳು. ಪೆಟ್ಟಿಗೆ ಹೆದರಿ ಮುಚ್ಚಿದ್ದಲ್ಲ, ಪ್ರಾರ್ಥನೆಗೆ ಮುಚ್ಚಿದ್ದು. ಕೈ ಇಳಿಸಿದೆ.

“ಕರ್ತನೇ, ಒಂದೇ ಹಲ್ಲು ಬಿತ್ತು, ಸ್ತೋತ್ರ,” ಅಂದೆ, ಉಳಿದ ಹಲ್ಲು ಕಡಿಯುತ್ತ.

“ಮತ್ತ?”

“ಕಣ್ಣು ಉಳೀತು, ಸ್ತೋತ್ರ. ಸಾಕೇನು?”

“ಮತ್ತ?”

“ಅವನ ಜೀಪಿನ ಗಾಜ ಒಡೀತು, ಸ್ತೋತ್ರ.”

ಅವಳು ನಗಲಿಲ್ಲ. “ಗಾಜಿಗಿ ಯಾಕ ಬಿತ್ತು ಏಟು?” ಅಂತ ಕೇಳಿದಳು.

“ಅವ ಬಗ್ಗಿದ.”

“ಬಗ್ಗದಿದ್ರ?”

ಆ ಜೀಪಿನ ಬಾಗಿಲು ನನ್ನ ಕಣ್ಣ ಮುಂದೆ ಬಂತು. ತಗಡೇ ಅಂಗೈ ಆಳ ಒಳಗೆ ಹೋಗಿತ್ತು. ಅಲ್ಲಿ ಅವನ ತಲೆಯಿತ್ತು, ಉಗುಳಲು ಬಗ್ಗುವ ಮುಂಚೆ. ಇಷ್ಟೊತ್ತಿಗೆ ಅವನ ಹೆಣ ಸರಕಾರಿ ದವಾಖಾನೆಯಲ್ಲಿ ಬಿದ್ದಿರುತ್ತಿತ್ತು, ನಾನು ಠಾಣೆಯಲ್ಲಿ ಕೂತಿರುತ್ತಿದ್ದೆ. ಹೊಸ್ತಿಲ ಮೇಲೆಯೇ ಕೂತುಬಿಟ್ಟೆ. ಜೀವನದಲ್ಲಿ ಅಷ್ಟು ಹೆದರಿದ್ದು ಅದೇ ಮೊದಲು. ಹೆದರಿದ್ದು ಅವನಿಗಲ್ಲ, ನನ್ನ ಕೈಗಳಿಗೆ.

“ಅವ ಬಗ್ಗಿದ, ಸ್ತೋತ್ರ,” ಅಂದೆ. ಇದನ್ನು ಗೊಣಗಲಿಲ್ಲ.

“ಮತ್ತ?” ಅಂದಳು ಮೆಲ್ಲಗೆ, ಪಕ್ಕದಲ್ಲಿ ಕೂತು.

“ಅವನ ಹೆಂಡ್ತಿ ಈಗ ಅವನ ಮೂಗ ಒರಸಾಕತ್ತಿರಬೇಕು. ನನಗ ಬೈಯಾಕತ್ತಿರಬೇಕು. ಅದಕ್ಕೂ ಸ್ತೋತ್ರ.”

ಹೇಳುತ್ತಿದ್ದಂತೆ ಅಳು ಬಂತು. ಅತ್ತುಬಿಟ್ಟೆ, ತಡೆಯಲಿಲ್ಲ. ಬೆಳಿಗ್ಗೆಯಿಂದ ಎದೆಯಲ್ಲಿ ಕುದಿಯುತ್ತಿದ್ದದ್ದು ಆರಿ ತಣ್ಣಗಾಯಿತು. ಹಲ್ಲು ಹೋದ ಜಾಗದ ನೋವು ಆಗ ಶುರುವಾಯಿತು.

ಆಕೆ ಎದ್ದು ಬಾಗಿಲು ಬಿಟ್ಟು ನಿಂತಳು. “ಸ್ತೋತ್ರ ಆತು. ಇನ್ನ ನಾ ತಡಿಯಂಗಿಲ್ಲ,” ಅಂದಳು.

ಅಷ್ಟರಲ್ಲಿ ಫೋನ್ ಬಂತು. “ಎಷ್ಟೊತ್ತು ನಿಲ್ಲಲಿ? ಯಾರಿಗಿ ಹೊಡಿಯೋದದ?” ಅಂದ ಗೆಳೆಯ.

“ಯಾರಿಗೂ ಇಲ್ಲ. ಮನಿಗಿ ಹೋಗು,” ಅಂದೆ.

ಪಾನಾ ಇನ್ನೂ ಕೈಯಲ್ಲೇ ಇತ್ತು, ಬಿಡಬೇಕೆಂದರೂ ಬಿಡಲಾಗಲಿಲ್ಲ. ಹೆಂಡತಿ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಚ್ಚಬೇಕಾಯಿತು.